ಕಾವಲುಗಾರನಿಗೆ ರಜೆ ಕೊಡುವ ಮುನ್ನ

ಯಂತ್ರವೊಂದನ್ನು ನಿರ್ಮಿಸುವವನು ಅದನ್ನು ನಡೆಯಿಸುವ ಉಪಾಯವನ್ನು ಎಷ್ಟು ಎಚ್ಚರಿಕೆಯಿಂದ ಯೋಚಿಸುತ್ತಾನೆಯೋ ಅಷ್ಟೇ ಎಚ್ಚರಿಕೆಯಿಂದ ಅದನ್ನು ನಿಲ್ಲಿಸುವ ಉಪಾಯವನ್ನೂ ಯೋಚಿಸಬೇಕಾಗುತ್ತದೆ. ರೈಲುಗಾಡಿಯ ಡಬ್ಬಿಯೊಳಗಿನ ಅಪಾಯದ ಸರಪಣಿ, ಕಾರ್ಖಾನೆಯ ಯಂತ್ರದ ಪಕ್ಕದಲ್ಲಿರುವ ಕೆಂಪು ಗುಂಡಿ, ಮನೆಯ ಮೀಟರು ಹಲಗೆಯ ಮೇಲಿನ ಮೇನ್ ಸ್ವಿಚ್ಚು, ಇವೆಲ್ಲವೂ ಅಂತಹ ಉಪಾಯಗಳೇ. ಇವುಗಳೆಲ್ಲಕ್ಕೂ ಸಮಾನವಾದ ಒಂದು ಗುಣವುಂಟು: ಇವು ಕಣ್ಣಿಗೆ ಕಾಣುತ್ತವೆ, ಯಾರಾದರೂ ಇವನ್ನು ಬಳಸಿದರೆ ಅದು ಸುತ್ತಲಿನವರಿಗೆ ತಿಳಿದೇ ತಿಳಿಯುತ್ತದೆ. ಸರಪಣಿಯನ್ನೆಳೆದವನು ಗಾರ್ಡಿಗೆ ಉತ್ತರ ಹೇಳಬೇಕು. ಗಣಕಯಂತ್ರಗಳ ಪ್ರಪಂಚದಲ್ಲಾದರೋ ಕಣ್ಣಿಗೆ ಕಾಣದ, ಬಳಸಿದ ಗುರುತನ್ನೂ ಉಳಿಸದ ಸ್ವಿಚ್ಚುಗಳುಂಟು. ಅಂತಹ ಒಂದು ಸ್ವಿಚ್ಚಿನ ವಿಷಯವಾಗಿ ನಮ್ಮ ವಿದ್ಯಾರ್ಥಿ ವಾಚಕರೊಡನೆ ಕೆಲವು ಮಾತುಗಳನ್ನಾಡುವುದು ಈ ಲೇಖನದ ಉದ್ದೇಶ. ವಿಷಯವು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಹಲವರು ಸೇರಿ ಮಾಡುವ ಕೆಲಸದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಎಷ್ಟರಮಟ್ಟಿಗೆ ನಂಬಬಹುದು ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಮೊದಲು ವಿಷಯದ ಹಿನ್ನೆಲೆಯನ್ನು ತಿಳಿಯೋಣ. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿಯು ತಾನು ಅಳೆದುದನ್ನೆಲ್ಲ ರೆಕಾರ್ಡು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡುವಂತೆ, ಪ್ರೋಗ್ರಾಮ್ ಬರೆಯುವವರೂ ತಮ್ಮ ಬರವಣಿಗೆಯ ಒಂದೊಂದು ಹಂತವನ್ನೂ ಕಾಪಾಡಿಡುತ್ತಾರೆ. ಇದಕ್ಕೆ ಆವೃತ್ತಿ ನಿಯಂತ್ರಣವೆಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು 1972ರಲ್ಲಿ ಈ ಕೆಲಸಕ್ಕೆಂದೇ ಒಂದು ಸಾಧನವನ್ನು ರಚಿಸಿದರು. ಈಗ ಬಹುಮಟ್ಟಿಗೆ ಎಲ್ಲೆಡೆಯೂ ಬಳಕೆಯಲ್ಲಿರುವುದು 'ಗಿಟ್' ಎಂಬುದು. ಇದನ್ನು ಲೈನಸ್ ಟಾರ್ವಾಲ್ಡ್ಸ್ ಅವರು 2005ರ ಏಪ್ರಿಲ್ ತಿಂಗಳಿನಲ್ಲಿ, ಸಾವಿರಾರು ಮಂದಿ ಕೂಡಿ ಬರೆಯುವ ಲಿನಕ್ಸ್ ಕರ್ನೆಲ್ಲಿನ ಕೆಲಸಕ್ಕಾಗಿ ಆರಂಭಿಸಿದರು. ಗಿಟ್‌ನಲ್ಲಿ ಒಂದು ಹಂತದ ಬರವಣಿಗೆಯನ್ನು ಭಂಡಾರಕ್ಕೆ ಸೇರಿಸುವ ಕ್ರಿಯೆಗೆ 'ಕಮಿಟ್' ಎನ್ನುತ್ತಾರೆ. ಪ್ರತಿಯೊಂದು ಕಮಿಟ್‌ನಲ್ಲಿಯೂ ಕಡತಗಳ ಅಂದಿನ ಸ್ಥಿತಿ, ಹಿಂದಿನ ಕಮಿಟ್‌ನ ಗುರುತು, ಬರೆದವರ ಹೆಸರು, ಕಾಲ ಮತ್ತು ಒಂದು ಟಿಪ್ಪಣಿ ಅಡಕವಾಗಿರುತ್ತವೆ.

ರೆಕಾರ್ಡು ಪುಸ್ತಕಕ್ಕೆ ತಪ್ಪು ಲೆಕ್ಕ ಸೇರದಂತೆ ಅಧ್ಯಾಪಕರು ನೋಡಿಕೊಳ್ಳುವ ಹಾಗೆ, ಭಂಡಾರಕ್ಕೆ ದೋಷಯುಕ್ತವಾದ ಬರವಣಿಗೆ ಸೇರದಂತೆ ನೋಡಿಕೊಳ್ಳಲು ಗಿಟ್‌ನಲ್ಲಿ ಒಂದು ಏರ್ಪಾಡುಂಟು. ಕೆಲವು ನಿಶ್ಚಿತವಾದ ಘಟ್ಟಗಳಲ್ಲಿ, ಎಂದರೆ ಕಮಿಟ್ ಆಗುವ ಮೊದಲು, ಟಿಪ್ಪಣಿ ಬರೆದಾದ ಮೇಲೆ, ಬರವಣಿಗೆಯನ್ನು ಸರ್ವರಿಗೆ ಕಳುಹಿಸುವ ಮೊದಲು, ಹೀಗೆ, ನಾವು ಇಟ್ಟಿರುವ ಚಿಕ್ಕ ಪ್ರೋಗ್ರಾಮೊಂದನ್ನು ಗಿಟ್ ತಾನಾಗಿಯೇ ಕರೆಯುತ್ತದೆ. ಈ ಚಿಕ್ಕ ಪ್ರೋಗ್ರಾಮಿಗೆ 'ಹುಕ್' ಎಂದು ಹೆಸರು. ಹುಕ್ ತನ್ನ ಪರೀಕ್ಷೆಯನ್ನು ಮುಗಿಸಿ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಆ ಸಂಖ್ಯೆ 0 ಆದರೆ 'ಎಲ್ಲವೂ ಸರಿ' ಎಂದರ್ಥ. ಬೇರೆ ಯಾವುದೇ ಆದರೆ ಕಮಿಟ್ ಅಲ್ಲಿಗೇ ನಿಲ್ಲುತ್ತದೆ. ಹುಕ್ ಎಂದರೆ ಬಾಗಿಲಲ್ಲಿ ನಿಂತ ಕಾವಲುಗಾರನೆಂದು ವಾಚಕರು ಭಾವಿಸಬಹುದು.

ಈ ಕಾವಲುಗಾರರ ವಿಷಯದಲ್ಲಿ ಒಂದು ತೊಡಕುಂಟು. ಅವರು ಇರುವುದು ಅವರವರ ಗಣಕದಲ್ಲಿ ಮಾತ್ರ; ಭಂಡಾರವನ್ನು ಒಬ್ಬರಿಂದ ಇನ್ನೊಬ್ಬರು ನಕಲು ಮಾಡಿಕೊಂಡಾಗ ಹುಕ್‌ಗಳು ಅದರೊಡನೆ ಬರುವುದಿಲ್ಲ. ಇದು ನ್ಯಾಯವೇ ಸರಿ. ಅಪರಿಚಿತರ ಭಂಡಾರವನ್ನು ನಕಲು ಮಾಡಿಕೊಂಡ ಮಾತ್ರಕ್ಕೆ ಅವರು ಬರೆದ ಪ್ರೋಗ್ರಾಮುಗಳು ನಮ್ಮ ಗಣಕದಲ್ಲಿ ತಾವಾಗಿ ಓಡತೊಡಗಿದರೆ ಅದಕ್ಕಿಂತ ದೊಡ್ಡ ಅಪಾಯ ಬೇರೆ ಇರಲಾರದು. ಆದರೆ ಹತ್ತು ಮಂದಿ ಕೂಡಿ ಮಾಡುವ ಕೆಲಸದಲ್ಲಿ ಹತ್ತು ಗಣಕಗಳಲ್ಲಿಯೂ ಒಂದೇ ಬಗೆಯ ಪರೀಕ್ಷೆ ನಡೆಯಬೇಕಾದರೆ ಏನು ಮಾಡಬೇಕು? ಇದಕ್ಕಾಗಿ ಹುಟ್ಟಿಕೊಂಡವುಗಳೇ ಹುಕ್ ನಿರ್ವಾಹಕಗಳು. ಜಾವಾಸ್ಕ್ರಿಪ್ಟ್ ಬಳಸುವವರಲ್ಲಿ 'ಹಸ್ಕಿ', ಪೈಥಾನ್ ಬಳಸುವವರಲ್ಲಿ 'ಪ್ರಿ-ಕಮಿಟ್', ಗೋ ಭಾಷೆಯಲ್ಲಿ ಬರೆಯಲಾದ 'ಲೆಫ್ಟ್‌ಹುಕ್', ಇವು ಪ್ರಸಿದ್ಧವಾದವು. ಯಾವ ಯಾವ ಪರೀಕ್ಷೆಗಳು ನಡೆಯಬೇಕೆಂಬುದನ್ನು ಭಂಡಾರದೊಳಗಿನ ಕಡತದಲ್ಲಿಯೇ ಬರೆದಿಟ್ಟರೆ, ನಿರ್ವಾಹಕವನ್ನು ಸ್ಥಾಪಿಸಿಕೊಂಡ ಪ್ರತಿಯೊಬ್ಬರ ಗಣಕದಲ್ಲಿಯೂ ಅವೇ ಪರೀಕ್ಷೆಗಳು ನಡೆಯುತ್ತವೆ.

ಕಾವಲುಗಾರರನ್ನು ನೇಮಿಸಿದ ಮೇಲೆ, ಅವರನ್ನು ಕೆಲವು ಹೊತ್ತು ಪಕ್ಕಕ್ಕೆ ಸರಿಸುವ ಅಗತ್ಯವೂ ಒಮ್ಮೊಮ್ಮೆ ಬರುತ್ತದೆ. ಈ ನಿರ್ವಾಹಕಗಳನ್ನು ರಚಿಸಿದವರು ಅದಕ್ಕಾಗಿ ಆರಿಸಿಕೊಂಡಿರುವ ಸಾಧನವೇ ಎನ್‌ವಿರಾನ್‌ಮೆಂಟ್ ವೇರಿಯಬಲ್. ಇದನ್ನು ನಾವು ಪರಿಸರ ಚರವೆಂದು ಕರೆಯೋಣ.

ಪರಿಸರ ಚರವೆಂದರೇನು? ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅನುನಾದ ಕೊಳವೆಯಿಂದ ಶಬ್ದದ ವೇಗವನ್ನು ಕಂಡುಹಿಡಿಯುವ ಪ್ರಯೋಗವನ್ನು ನೆನೆಯಿರಿ. ಶ್ರುತಿಕವೆಯನ್ನು ಆರಿಸುವವರು ನಾವು. ನೀರಿನ ಮಟ್ಟವನ್ನು ಏರಿಸಿ ಇಳಿಸುವವರೂ ನಾವು. ಆದರೆ ಕೋಣೆಯ ಉಷ್ಣತೆಯನ್ನು ನಾವು ಕೊಳವೆಯೊಳಕ್ಕೆ ಹಾಕುವುದಿಲ್ಲ. ಅದು ಸುತ್ತಲೂ ಇದ್ದೇ ಇರುತ್ತದೆ, ಇದ್ದು ಉತ್ತರವನ್ನು ಬದಲಾಯಿಸುತ್ತದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರು ಇರುವ ಶಬ್ದದ ವೇಗವು ಒಂದೊಂದು ಡಿಗ್ರಿಗೂ ಸುಮಾರು 0.6 ಮೀಟರಿನಂತೆ ಏರಿ, 27 ಡಿಗ್ರಿಯಲ್ಲಿ ಸುಮಾರು 347 ಮೀಟರು ಆಗುತ್ತದೆ. ಗಣಕದಲ್ಲಿ ಪರಿಸರ ಚರವೂ ಹೀಗೆಯೇ. ಪ್ರೋಗ್ರಾಮಿಗೆ ನಾವು ನೇರವಾಗಿ ಕೊಡುವ ಆಜ್ಞೆ ಒಂದು. ಅದು ಓಡುವಾಗ ಅದರ ಸುತ್ತ ಇರುವ ಹೆಸರು-ಬೆಲೆಗಳ ಪಟ್ಟಿ ಇನ್ನೊಂದು. ಬೇಕಾದ ಪ್ರೋಗ್ರಾಮು ಆ ಪಟ್ಟಿಯನ್ನು ಓದಿ ತನ್ನ ನಡತೆಯನ್ನು ಬದಲಾಯಿಸಿಕೊಳ್ಳಬಹುದು. ಬೆಲ್ ಪ್ರಯೋಗಾಲಯದ ಯೂನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯಲ್ಲಿ, ಎಂದರೆ 1979ರಲ್ಲಿ, ಈ ಏರ್ಪಾಡು ಮೊದಲು ಕಾಣಿಸಿಕೊಂಡಿತು.

ಇದರ ಮುಖ್ಯ ಲಕ್ಷಣ ಆನುವಂಶಿಕತೆ. ಒಂದು ಪ್ರೋಗ್ರಾಮು ಇನ್ನೊಂದನ್ನು ಹುಟ್ಟಿಸಿದಾಗ, ತಾಯಿಯ ಬಳಿಯಿರುವ ಪಟ್ಟಿಯ ಒಂದು ಪ್ರತಿ ಮಗುವಿಗೆ ದೊರೆಯುತ್ತದೆ. ಮಗು ತನ್ನ ಮಕ್ಕಳಿಗೆ ಅದನ್ನು ದಾಟಿಸುತ್ತದೆ. ಮಗುವು ತನ್ನ ಪ್ರತಿಯಲ್ಲಿ ಏನನ್ನೇ ತಿದ್ದಿದರೂ ಅದು ತಾಯಿಯ ಪಟ್ಟಿಯನ್ನು ತಟ್ಟುವುದಿಲ್ಲ. ಈಗ ಕಮಿಟ್ ಮಾಡುವಾಗ ನಡೆಯುವ ಸರಣಿಯನ್ನು ನೋಡಿರಿ. ನಾವು ಆಜ್ಞೆಯನ್ನು ಬರೆಯುವುದು ಷೆಲ್‌ಗೆ; ಷೆಲ್ ಗಿಟ್‌ನ್ನು ಕರೆಯುತ್ತದೆ; ಗಿಟ್ ಹುಕ್‌ನ್ನು ಕರೆಯುತ್ತದೆ; ಹುಕ್ ನಿರ್ವಾಹಕವನ್ನು, ನಿರ್ವಾಹಕವು ಒಂದೊಂದು ಪರೀಕ್ಷಕ ಪ್ರೋಗ್ರಾಮನ್ನು ಕರೆಯುತ್ತದೆ. ನಿರ್ವಾಹಕಕ್ಕೆ ನಾವು ಏನಾದರೂ ಹೇಳಬೇಕಾದರೆ ನಡುವೆ ಗಿಟ್ ನಿಂತಿದೆ. ಹಸ್ಕಿಗೆ ತಿಳಿಸಬೇಕಾದ ಮಾತನ್ನು ಗಿಟ್‌ನ ಆಜ್ಞೆಯಲ್ಲಿ ಸೇರಿಸಿದರೆ ಗಿಟ್ ಅದನ್ನು ಅರಿಯದೆ ತಿರಸ್ಕರಿಸುತ್ತದೆ. ಪರಿಸರ ಚರವಾದರೋ ಗಿಟ್‌ಗೆ ಅದರ ಅರ್ಥ ತಿಳಿಯದಿದ್ದರೂ ಅದರ ಮೂಲಕ ಹಾದು, ಸೇರಬೇಕಾದಲ್ಲಿಗೆ ಸೇರುತ್ತದೆ. ಅಂಚೆಯವನು ಲಕೋಟೆಯನ್ನು ಒಡೆಯದೆ ವಿಳಾಸದಾರನಿಗೆ ಮುಟ್ಟಿಸುವಂತೆ ಇದು. ಆದಕಾರಣ ನಿರ್ವಾಹಕಗಳ ಕರ್ತೃಗಳು ಪರಿಸರ ಚರವನ್ನು ಆರಿಸಿಕೊಂಡುದು ಕೇವಲ ರೂಢಿಯಿಂದಲ್ಲ. ಆ ಸ್ಥಾನದಲ್ಲಿ ಸಹಜವಾಗಿ ಒದಗುವ ದಾರಿ ಅದೇ.

ಬಳಸುವ ಕ್ರಮವೂ ಸುಲಭ. 'ಹಸ್ಕಿ=0 ಗಿಟ್ ಕಮಿಟ್' ಎಂದು ಬರೆದರೆ ಆ ಒಂದು ಕಮಿಟ್‌ನ ಮಟ್ಟಿಗೆ ಹಸ್ಕಿಯ ಹುಕ್‌ಗಳೆಲ್ಲವೂ ಸುಮ್ಮನಾಗುತ್ತವೆ; ಸೊನ್ನೆಯ ಬದಲು 2 ಎಂದು ಬರೆದರೆ ಅವು ಸುಮ್ಮನಾಗುವ ಬದಲು ತಾವು ಮಾಡುತ್ತಿರುವುದನ್ನೆಲ್ಲ ಹಂತಹಂತವಾಗಿ ತೆರೆಯ ಮೇಲೆ ತೋರಿಸುತ್ತವೆ. 'ಲೆಫ್ಟ್‌ಹುಕ್=0' ಎಂಬುದೂ ಹೀಗೆಯೇ ಎಲ್ಲವನ್ನೂ ನಿಲ್ಲಿಸುತ್ತದೆ; 'ಲೆಫ್ಟ್‌ಹುಕ್_ಎಕ್ಸ್‌ಕ್ಲೂಡ್' ಎಂಬ ಇನ್ನೊಂದು ಚರದಿಂದ ಕೆಲವನ್ನು ಮಾತ್ರ ಹೆಸರಿಸಿ ಬಿಡಬಹುದು. ಪ್ರಿ-ಕಮಿಟ್‌ನಲ್ಲಿ ಚರದ ಹೆಸರು 'ಸ್ಕಿಪ್'. 'ಸ್ಕಿಪ್=ಫ್ಲೇಕ್8 ಗಿಟ್ ಕಮಿಟ್' ಎಂದರೆ ಫ್ಲೇಕ್8 ಎಂಬ ಒಂದು ಪರೀಕ್ಷೆಯನ್ನು ಮಾತ್ರ ಬಿಟ್ಟು ಉಳಿದುವೆಲ್ಲವನ್ನೂ ನಡೆಯಿಸಬೇಕೆಂದು ಅರ್ಥ. ಇವೆಲ್ಲವನ್ನೂ ಕೀಲಿಮಣೆಯಲ್ಲಿ ರೋಮನ್ ಲಿಪಿಯಲ್ಲಿಯೇ ಬರೆಯಬೇಕು, ಚರದ ಹೆಸರು ದೊಡ್ಡಕ್ಷರಗಳಲ್ಲಿರಬೇಕು, ಸಮ ಚಿಹ್ನೆಯ ಅಕ್ಕಪಕ್ಕದಲ್ಲಿ ತೆರಪು ಬಿಡಕೂಡದು ಎಂಬುದನ್ನು ಹೊಸಬರು ನೆನಪಿಡಬೇಕು. ಹುಕ್ ಹಿಂದಿರುಗಿಸುವ 0 'ಸರಿಯಾಗಿದೆ' ಎಂದು ಹೇಳಿದರೆ, ಚರಕ್ಕೆ ನಾವು ಕೊಡುವ 0 'ನೋಡಬೇಡ' ಎಂದು ಹೇಳುತ್ತದೆ. ಇವೆರಡೂ ಒಂದೇ ಅಲ್ಲ. ಆದರೆ ಎರಡರ ಫಲವೂ ಹೊರಗಿನಿಂದ ಒಂದೇ ರೀತಿ ಕಾಣುತ್ತದೆ; ಕಮಿಟ್ ಆಗಿಬಿಡುತ್ತದೆ. ನಮ್ಮ ವಾದವೆಲ್ಲವೂ ಹುಟ್ಟುವುದು ಈ ಒಂದು ಸಂಗತಿಯಿಂದ.

ಈ ಬಗೆಯ ಸ್ವಿಚ್ಚು ಇರಲೇಕೂಡದು ಎನ್ನುವವರು ಉಂಟು. ನಿಯಮವೆಂದ ಮೇಲೆ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಬೇಕು, ತಪ್ಪಿಸಿಕೊಳ್ಳುವ ದಾರಿಯನ್ನು ನಾವೇ ತೋರಿಸಿಕೊಟ್ಟರೆ ಎಲ್ಲರೂ ಅದೇ ದಾರಿಯನ್ನು ಹಿಡಿಯುತ್ತಾರೆ ಎಂದು ಅವರು ಹೇಳುತ್ತಾರೆ. ಈ ಮಾತನ್ನು ನಾವು ಒಪ್ಪಲಾರೆವು. ಅರ್ಧ ಬರೆದ ಪ್ರೋಗ್ರಾಮನ್ನು, ಅದು ಇನ್ನೂ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೂ, ಕರೆಂಟು ಹೋಗುವುದರೊಳಗೆ ತನ್ನದೇ ಶಾಖೆಯಲ್ಲಿ ಕಾಪಾಡಿಡಬೇಕೆಂದು ವಿದ್ಯಾರ್ಥಿಯೊಬ್ಬನು ಬಯಸಿದರೆ ಅದು ಅಪರಾಧವಲ್ಲ. ಪರೀಕ್ಷಕ ಪ್ರೋಗ್ರಾಮಿನಲ್ಲಿಯೇ ದೋಷವಿದ್ದು, ಸರಿಯಾದುದನ್ನು ತಪ್ಪೆಂದು ಅದು ಹೇಳುತ್ತಿದ್ದರೆ, ಅದು ದುರಸ್ತಿಯಾಗುವವರೆಗೆ ಎಲ್ಲರ ಕೆಲಸವೂ ನಿಲ್ಲಬೇಕೆನ್ನುವುದು ವಿವೇಕವಲ್ಲ. ಮನುಷ್ಯರಿರದೆ ತಾನಾಗಿ ನಡೆಯುವ ಸರ್ವರಿನಲ್ಲಿ ಹುಕ್‌ಗಳನ್ನು ಸ್ಥಾಪಿಸುವುದೇ ಅನಾವಶ್ಯಕ; ಅಲ್ಲಿ 'ಹಸ್ಕಿ=0' ಎಂದಿಡುವುದು ಹಸ್ಕಿಯ ಕರ್ತೃಗಳೇ ಸೂಚಿಸುವ ಕ್ರಮ. ಅಷ್ಟೇ ಅಲ್ಲ, ಗಿಟ್‌ನಲ್ಲಿಯೇ 'ನೋ-ವೆರಿಫೈ' ಎಂಬ ಆಯ್ಕೆಯುಂಟು. ಕಮಿಟ್‌ನೊಡನೆ ಅದನ್ನು ಬರೆದರೆ ಕಮಿಟ್‌ಗೆ ಮುಂಚಿನ ಹುಕ್ಕೂ ಟಿಪ್ಪಣಿಯನ್ನು ನೋಡುವ ಹುಕ್ಕೂ ನಡೆಯುವುದಿಲ್ಲ. ನಿರ್ವಾಹಕವು ತನ್ನ ಸ್ವಿಚ್ಚನ್ನು ತೆಗೆದುಹಾಕಿದ ಮಾತ್ರಕ್ಕೆ ದಾರಿ ಮುಚ್ಚುವುದಿಲ್ಲ. ಕಿರಿದಾದ ದಾರಿಯೊಂದು ಮುಚ್ಚಿ, ಅಗಲವಾದುದು ಮಾತ್ರ ಉಳಿಯುತ್ತದೆ.

ಸ್ವಿಚ್ಚು ಇರಬೇಕು, ಸರಿ. ಆದರೆ ಅದನ್ನು ಬಳಸುವುದರಲ್ಲಿ ಮೂರು ಅಳತೆಗಳನ್ನು ಪಾಲಿಸಬೇಕೆಂಬುದು ನಮ್ಮ ಅಭಿಪ್ರಾಯ: ವ್ಯಾಪ್ತಿ, ಅವಧಿ, ಸಾಕ್ಷಿ.

ವ್ಯಾಪ್ತಿಯನ್ನು ಮೊದಲು ವಿಚಾರಿಸೋಣ. ಒಂದು ಭಂಡಾರದಲ್ಲಿ ಎರಡು ಪರೀಕ್ಷೆಗಳನ್ನು ಇಟ್ಟಿದ್ದಾರೆಂದು ಭಾವಿಸಿರಿ. ಒಂದು ಫ್ಲೇಕ್8, ಬೇರೆ ದೋಷಗಳೊಡನೆ, ಸಾಲೊಂದು 79 ಅಕ್ಷರಗಳನ್ನು ಮೀರಿದರೂ ಅದು ಆಕ್ಷೇಪಿಸುತ್ತದೆ. ಇನ್ನೊಂದು, ಗೋಪ್ಯವಾದ ಕೀಲಿಯೇನಾದರೂ ಕೈತಪ್ಪಿ ಕಡತದೊಳಗೆ ಸೇರಿದೆಯೇ ಎಂದು ನೋಡುವ ಪರೀಕ್ಷೆ. ಸಾಲಿನ ಉದ್ದದ ಆಕ್ಷೇಪದಿಂದ ಬೇಸತ್ತ ವಿದ್ಯಾರ್ಥಿಯು ಸ್ಕಿಪ್ ಚರದಲ್ಲಿ ಫ್ಲೇಕ್8ನ್ನು ಮಾತ್ರ ಹೆಸರಿಸಿದರೆ ಎರಡನೆಯ ಕಾವಲುಗಾರನು ತನ್ನ ಸ್ಥಾನದಲ್ಲಿಯೇ ಇರುತ್ತಾನೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಸೊನ್ನೆಯನ್ನೋ ನೋ-ವೆರಿಫೈಯನ್ನೋ ಬಳಸಿದರೆ, ಜಗಳವಿದ್ದುದು ಮೊದಲನೆಯವನೊಡನೆ ಮಾತ್ರವಾದರೂ ಎರಡನೆಯವನಿಗೂ ರಜೆ ದೊರೆಯುತ್ತದೆ. ಸಾಲು ಉದ್ದವಾದರೆ ನಾಳೆ ತಿದ್ದಬಹುದು. ಗೋಪ್ಯ ಕೀಲಿಯು ಒಮ್ಮೆ ಕಮಿಟ್ ಆಗಿ ಸರ್ವರನ್ನು ಸೇರಿದರೆ, ಮರುದಿನ ಆ ಸಾಲನ್ನು ಅಳಿಸಿದರೂ ಪ್ರಯೋಜನವಿಲ್ಲ. ಹಳೆಯ ಕಮಿಟ್‌ಗಳೆಲ್ಲವನ್ನೂ ಕಾಪಾಡುವುದೇ ಗಿಟ್‌ನ ಧರ್ಮವಾದುದರಿಂದ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ. ಆಗ ಆ ಕೀಲಿಯನ್ನೇ ರದ್ದುಪಡಿಸಿ ಹೊಸದನ್ನು ಪಡೆಯಬೇಕಾಗುತ್ತದೆ. ಆದುದರಿಂದ ಹೆಸರಿಸಿ ಬಿಡುವ ಸೌಕರ್ಯವಿರುವಲ್ಲಿ, ಎಲ್ಲವನ್ನೂ ನಿಲ್ಲಿಸುವ ಸೊನ್ನೆಯ ಕಡೆಗೆ ಕೈಚಾಚಕೂಡದು.

ಇದೇ ಸಂದರ್ಭದಲ್ಲಿ ನಿರ್ವಾಹಕಗಳ ಕರ್ತೃಗಳಿಗೂ ಒಂದು ಮಾತು ಸಲ್ಲುತ್ತದೆ. 'ಹಸ್ಕಿ', 'ಲೆಫ್ಟ್‌ಹುಕ್' ಎಂಬ ಚರಗಳ ಹೆಸರಿನಿಂದಲೇ ಅವು ಯಾರಿಗೆ ಸಂಬಂಧಿಸಿದವೆಂಬುದು ತಿಳಿಯುತ್ತದೆ. 'ಸ್ಕಿಪ್' ಎಂಬುದು ಹಾಗಲ್ಲ. ಪ್ರಿ-ಕಮಿಟ್ ಅದನ್ನು ಓದುತ್ತದೆ, 'ಓವರ್‌ಕಮಿಟ್' ಎಂಬ ಇನ್ನೊಂದು ನಿರ್ವಾಹಕವೂ ಅದನ್ನೇ ಓದುತ್ತದೆ, ಬೇರೆ ಯಾವುದಾದರೂ ಪ್ರೋಗ್ರಾಮು ತನ್ನದೇ ಅರ್ಥದಲ್ಲಿ ಅದನ್ನು ಬಳಸಿದರೆ ತಡೆಯುವವರಿಲ್ಲ. ಎಲ್ಲರೂ ಕೂಡಿ ಉಸಿರಾಡುವ ಗಾಳಿಯಲ್ಲಿ ಬಿಡುವ ಸೂಚನೆಗೆ ವಿಳಾಸವಿರುವುದು ಒಳ್ಳೆಯದು. ಹೆಸರಿನ ಸ್ಪಷ್ಟತೆಯಲ್ಲಿ ಮೊದಲಿನ ಎರಡೂ, ಒಂದೊಂದನ್ನೇ ಹೆಸರಿಸಿ ಬಿಡುವುದನ್ನು ವಾಡಿಕೆಯಾಗಿಸಿರುವುದರಲ್ಲಿ ಪ್ರಿ-ಕಮಿಟ್ಟೂ ಮೇಲೆಂದು ನಾವು ಎಣಿಸುತ್ತೇವೆ.

ಎರಡನೆಯದು ಅವಧಿ. ಆಜ್ಞೆಯ ಮುಂದೆಯೇ ಚರವನ್ನು ಬರೆದರೆ ಅದು ಆ ಒಂದು ಆಜ್ಞೆಗೂ ಅದರ ಸಂತತಿಗೂ ಮಾತ್ರ ಅನ್ವಯಿಸಿ, ಆಜ್ಞೆ ಮುಗಿದೊಡನೆ ಇಲ್ಲವಾಗುತ್ತದೆ. ಯೂನಿಕ್ಸ್ ಬಗೆಯ ಷೆಲ್‌ನ ಈ ಗುಣವು ಬಹಳ ಬೆಲೆಯುಳ್ಳದ್ದು. ಆದರೆ 'ಎಕ್ಸ್‌ಪೋರ್ಟ್' ಎಂಬ ಪದವನ್ನು ಮುಂದಿಟ್ಟು ಬರೆದರೆ ಆ ಕಿಟಕಿಯನ್ನು ಮುಚ್ಚುವವರೆಗೆ ಚರವು ಉಳಿಯುತ್ತದೆ. ವಿಂಡೋಸ್‌ನ ಹಳೆಯ ಕಮಾಂಡ್ ಕಿಟಕಿಯಲ್ಲಿ ಆಜ್ಞೆಯ ಮುಂದೆ ಚರವನ್ನು ಬರೆಯುವ ಪದ್ಧತಿಯೇ ಇಲ್ಲ. ಅಲ್ಲಿ 'ಸೆಟ್' ಎಂಬ ಆಜ್ಞೆಯಿಂದ ಮೊದಲು ಚರವನ್ನು ಇಟ್ಟು, ಆಮೇಲೆ ಕಮಿಟ್ ಮಾಡಿ, ಅನಂತರ ನೆನಪಿಟ್ಟು ಅದನ್ನು ತೆಗೆಯಬೇಕು. ಗಿಟ್‌ನೊಡನೆ ಬರುವ ಬ್ಯಾಷ್ ಕಿಟಕಿಯನ್ನು ತೆರೆದರೆ ಈ ತೊಂದರೆಯಿಲ್ಲ. ಇವೆಲ್ಲಕ್ಕಿಂತ ಕೆಟ್ಟ ಅಭ್ಯಾಸವೊಂದುಂಟು: ಷೆಲ್ ಪ್ರಾರಂಭವಾದಾಗಲೆಲ್ಲ ಓದುವ ಕಡತದಲ್ಲಿಯೇ ಆ ಸೊನ್ನೆಯನ್ನು ಬರೆದಿಟ್ಟುಬಿಡುವುದು.

ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಕಾಣುವ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಫ್ಯೂಸು ಪದೇ ಪದೇ ಸುಟ್ಟುಹೋಗುತ್ತಿದ್ದರೆ ಕೆಲವರು ಸಣ್ಣ ತಂತಿಯ ಬದಲು ದಪ್ಪನಾದ ತಾಮ್ರದ ತಂತಿಯನ್ನು ಬಿಗಿದುಬಿಡುತ್ತಾರೆ. ಆಮೇಲೆ ಫ್ಯೂಸು ಸುಡುವುದಿಲ್ಲ. ದೀಪವು ಮೊದಲಿನಂತೆಯೇ ಉರಿಯುತ್ತದೆ, ಫ್ಯಾನು ಮೊದಲಿನಂತೆಯೇ ತಿರುಗುತ್ತದೆ, ಎಲ್ಲವೂ ಸರಿಹೋಯಿತೆಂದೇ ತೋರುತ್ತದೆ. ಫ್ಯೂಸು ಸುಡುತ್ತಿದ್ದುದರ ಕಾರಣವು ಮಾತ್ರ ಗೋಡೆಯೊಳಗೆ ಹಾಗೆಯೇ ಉಳಿದಿರುತ್ತದೆ, ಮತ್ತು ಇನ್ನು ಮುಂದೆ ಕಾಯಬೇಕಾದದ್ದು ಫ್ಯೂಸಿನ ತಂತಿಯಲ್ಲ, ಮನೆಯ ತಂತಿ. ಪ್ರಾರಂಭ ಕಡತದಲ್ಲಿ ಸೊನ್ನೆಯನ್ನು ಬರೆದಿಟ್ಟವನ ಸ್ಥಿತಿಯೂ ಇದೇ. ಒಂದು ವಾರದಲ್ಲಿ ಅವನು ಅದನ್ನು ಮರೆಯುತ್ತಾನೆ. ಅನಂತರ ತನ್ನ ಬರವಣಿಗೆಯಲ್ಲಿ ದೋಷಗಳೇ ಇಲ್ಲವೆಂದು ನಂಬತೊಡಗುತ್ತಾನೆ.

ಪರಿಸರವು ಮರೆತ ಮೇಲೂ ಕೆಲಸ ಮಾಡುತ್ತದೆ ಎಂಬುದಕ್ಕೆ ಗಿಟ್‌ನೊಳಗಿನಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಹುಕ್‌ನ್ನು ಕರೆಯುವಾಗ ಗಿಟ್ ತಾನೂ 'ಗಿಟ್_ಡಿರ್' ಮೊದಲಾದ ಚರಗಳನ್ನು ಪರಿಸರದಲ್ಲಿ ಇಡುವುದುಂಟು. ಹುಕ್ ಒಳಗಿನಿಂದ ನಡೆಯುವ ಗಿಟ್ ಆಜ್ಞೆಗಳಿಗೆ ಭಂಡಾರವು ಎಲ್ಲಿದೆಯೆಂದು ತಿಳಿಯಲಿ ಎಂಬುದೇ ಇದರ ಉದ್ದೇಶ. ಆ ಹುಕ್ ಬೇರೊಂದು ಭಂಡಾರದಲ್ಲಿ ಏನಾದರೂ ಮಾಡಹೊರಟರೆ, ಆನುವಂಶಿಕವಾಗಿ ಬಂದ ಆ ಚರವು ಅದನ್ನು ದಾರಿತಪ್ಪಿಸುತ್ತದೆ. ಆದಕಾರಣ ಅಂತಹ ಹುಕ್‌ಗಳು ಆ ಚರಗಳನ್ನು ಮೊದಲು ಅಳಿಸಬೇಕೆಂದು ಗಿಟ್‌ನ ಕೈಪಿಡಿಯಲ್ಲಿಯೇ ಹೇಳಿದ್ದಾರೆ. ಇದಕ್ಕಿಂತ ಗಂಭೀರವಾದ ನಿದರ್ಶನವು 2014ರ ಸೆಪ್ಟೆಂಬರಿನಲ್ಲಿ ಬೆಳಕಿಗೆ ಬಂದ 'ಷೆಲ್‌ಷಾಕ್' ಎಂಬ ದೋಷ. ಪರಿಸರ ಚರವೊಂದರ ಬೆಲೆಯಲ್ಲಿ ಅಡಗಿಸಿಟ್ಟ ಆಜ್ಞೆಗಳನ್ನು ಬ್ಯಾಷ್ ಎಂಬ ಷೆಲ್ ತಾನು ಪ್ರಾರಂಭವಾಗುವಾಗಲೇ ನಡೆಯಿಸಿಬಿಡುತ್ತಿತ್ತು. 1989ರಿಂದಲೂ ಇದ್ದ ಈ ದೋಷವು ಇಪ್ಪತ್ತೈದು ವರ್ಷಗಳ ಕಾಲ ಯಾರ ಗಮನಕ್ಕೂ ಬರಲಿಲ್ಲ. ಕಣ್ಣಿಗೆ ಕಾಣದೆ ಎಲ್ಲೆಡೆಯೂ ಹರಿಯುವ ವಸ್ತುವನ್ನು ಮಿತವಾಗಿ, ಅಲ್ಪಕಾಲ ಮಾತ್ರ ಬಳಸಬೇಕೆಂಬ ಪಾಠವನ್ನು ಇವೆರಡೂ ಕಲಿಸುತ್ತವೆ.

ಮೂರನೆಯದು ಸಾಕ್ಷಿ. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದುದು. ಕಮಿಟ್‌ನಲ್ಲಿ ಅಡಕವಾಗಿರುವ ಸಂಗತಿಗಳನ್ನು ಮೇಲೆ ಎಣಿಸಿದೆವಷ್ಟೆ. ಪರೀಕ್ಷೆ ನಡೆಯಿತೇ, ನಡೆಯಲಿಲ್ಲವೇ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಸ್ಕಿಪ್ ಬಳಸಿದಾಗ ಪ್ರಿ-ಕಮಿಟ್ ಆ ಪರೀಕ್ಷೆಯ ಹೆಸರಿನ ಮುಂದೆ 'ಬಿಡಲಾಗಿದೆ' ಎಂಬರ್ಥದ ಪದವನ್ನು ತೆರೆಯ ಮೇಲೆ ಬರೆಯುತ್ತದೆ. ಇದು ಒಳ್ಳೆಯ ಪದ್ಧತಿಯೇ. ಆದರೆ ಅದು ಕಾಣುವುದು ಬಿಟ್ಟವನಿಗೆ ಮಾತ್ರ, ಅದೂ ಆ ಕ್ಷಣಕ್ಕೆ ಮಾತ್ರ. ಭಂಡಾರವನ್ನು ಮುಂದೆ ಓದುವವರಿಗೆ ಪರೀಕ್ಷೆಯಾದ ಕಮಿಟ್ಟೂ ಆಗದ ಕಮಿಟ್ಟೂ ಒಂದೇ ರೂಪದಲ್ಲಿ ಕಾಣುತ್ತವೆ.

ಉಷ್ಣತೆಯನ್ನು ಬರೆಯದೆ ಶಬ್ದದ ವೇಗ ಸೆಕೆಂಡಿಗೆ 347 ಮೀಟರೆಂದು ಬರೆದ ವಿದ್ಯಾರ್ಥಿಯು ಸುಳ್ಳು ಬರೆದಿದ್ದಾನೆಯೇ? ಇಲ್ಲ. ಆದರೆ ಅವನು ಅರ್ಧ ಸತ್ಯವನ್ನು ಮಾತ್ರ ಬರೆದಿದ್ದಾನೆ. ಅದನ್ನು ಇನ್ನೊಬ್ಬರು ಪರಿಶೀಲಿಸಲು ಸಾಧ್ಯವಿಲ್ಲ. ಪರಿಸರವನ್ನು ಬದಲಾಯಿಸುವುದು ವಿಜ್ಞಾನದಲ್ಲಿ ದೋಷವಲ್ಲ. ಬದಲಾಯಿಸಿದುದನ್ನು ಬರೆಯದಿರುವುದು ದೋಷ. ಆದುದರಿಂದ ಕಾವಲುಗಾರನಿಗೆ ರಜೆ ಕೊಟ್ಟವನು ಕಮಿಟ್‌ನ ಟಿಪ್ಪಣಿಯಲ್ಲಿ ಒಂದು ಸಾಲನ್ನು ಬರೆಯತಕ್ಕದ್ದು: ಯಾವ ಪರೀಕ್ಷೆಯನ್ನು ಬಿಟ್ಟೆ, ಏಕೆ ಬಿಟ್ಟೆ. ಆ ಒಂದು ಸಾಲಿಗೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಬಿಟ್ಟ ಕಾರಣವನ್ನು ಬರೆಯಲು ನಾಚಿಕೆಯಾದರೆ, ಬಿಡಬಾರದಾಗಿತ್ತೆಂದು ಅದರಿಂದಲೇ ತಿಳಿದುಕೊಳ್ಳಬಹುದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಟಿಪ್ಪಣಿ ಬರೆಯುವುದೂ ಬಿಡುವುದೂ ಅವನವನ ಪ್ರಾಮಾಣಿಕತೆಗೆ ಬಿಟ್ಟ ವಿಷಯ; ಪ್ರಾಮಾಣಿಕನಲ್ಲದವನನ್ನು ತಡೆಯುವುದು ಹೇಗೆ? ಉತ್ತರವಿಷ್ಟೆ: ಅವನ ಗಣಕದಲ್ಲಿಯೇ ಇರುವ ಕಾವಲುಗಾರನಿಂದ ಅವನನ್ನು ತಡೆಯಲು ಸಾಧ್ಯವಿಲ್ಲ, ಸಾಧ್ಯವೆಂದು ಭಾವಿಸಲೂಕೂಡದು. ಕಮಿಟ್ ಮಾಡಿದವರ ಹೆಸರನ್ನು, ಕಾಲವನ್ನು ಸಹ ಪರಿಸರ ಚರಗಳಿಂದ ನಮಗೆ ಬೇಕಾದಂತೆ ಇಡಲು ಗಿಟ್ ಅವಕಾಶ ಕೊಡುತ್ತದೆ. ತನ್ನ ಮನೆಯೊಳಗೆ ಪ್ರತಿಯೊಬ್ಬನೂ ಯಜಮಾನನೇ. ಆದಕಾರಣ ನಿಜವಾಗಿಯೂ ಮೀರಬಾರದ ನಿಯಮಗಳ ಕಾವಲನ್ನು ಎಲ್ಲರಿಗೂ ಸಾಮಾನ್ಯವಾದ ಸರ್ವರಿನಲ್ಲಿಯೇ ಇಡಬೇಕು. ಅಲ್ಲಿ 'ಪ್ರಿ-ರಿಸೀವ್' ಎಂಬ ಹುಕ್ ಬಂದ ಬರವಣಿಗೆಯನ್ನು ಸ್ವೀಕರಿಸುವ ಮೊದಲೇ ನೋಡಬಲ್ಲದು. ಅಥವಾ, ಪರೀಕ್ಷೆಗಳಲ್ಲಿ ತೇರ್ಗಡೆಯಾಗದ ಯಾವುದನ್ನೂ ಮುಖ್ಯ ಶಾಖೆಗೆ ಸೇರಿಸದಂತೆ ಕಟ್ಟಳೆ ಮಾಡಬಹುದು. ನಮ್ಮ ಷೆಲ್‌ನ ಪರಿಸರ ಚರಗಳು ಜಾಲದ ಮೂಲಕ ಆ ಹುಕ್‌ನ ಪರಿಸರವನ್ನು ತಾವಾಗಿ ಸೇರುವುದಿಲ್ಲ; ತಾಯಿ-ಮಗುವಿನ ಸಂಬಂಧವು ಒಂದು ಗಣಕದೊಳಗಿನದು.

ಹಾಗಾದರೆ ನಮ್ಮ ಗಣಕದೊಳಗಿನ ಹುಕ್‌ಗಳಿಂದ ಪ್ರಯೋಜನವೇನು? ತಪ್ಪು ತಿಳಿಯುವ ಕಾಲವೇ ಅದರ ಪ್ರಯೋಜನ. ಮಾಪಕವನ್ನು ಓರೆಯಾಗಿ ಓದಿದುದು ಉಪಕರಣದ ಮುಂದೆ ನಿಂತಿರುವಾಗಲೇ ತಿಳಿದರೆ ಇನ್ನೊಮ್ಮೆ ಓದಬಹುದು. ಮನೆಗೆ ಹೋಗಿ ನಕ್ಷೆ ಬರೆಯುವಾಗ ತಿಳಿದರೆ ಇಡೀ ಪ್ರಯೋಗವನ್ನೇ ಮತ್ತೆ ಮಾಡಬೇಕು. ಗೋಪ್ಯ ಕೀಲಿಯಂತಹ ವಿಷಯದಲ್ಲಾದರೋ, ಬರವಣಿಗೆಯು ಗಣಕದಿಂದ ಹೊರಬಿದ್ದ ಮೇಲೆ ತಿಳಿಯುವುದೆಂದರೆ ತಡವಾಗಿ ತಿಳಿಯುವುದೇ. ಸ್ಥಳೀಯ ಹುಕ್ ನಮ್ಮನ್ನು ಬೇಹುಗಾರಿಕೆ ಮಾಡುವ ಅಧಿಕಾರಿಯಲ್ಲ. ಬೆಂಚಿನ ಪಕ್ಕದಲ್ಲಿ ನಿಂತು 'ಒಮ್ಮೆ ನೋಡಪ್ಪ' ಎನ್ನುವ ಗೆಳೆಯ. ಗೆಳೆಯನಿಗೆ ಸುಮ್ಮನಿರು ಎಂದು ಹೇಳುವ ಹಕ್ಕು ನಮಗುಂಟು. ಆದರೆ ಗೆಳೆಯನನ್ನು ಶಾಶ್ವತವಾಗಿ ಮೂಕನನ್ನಾಗಿ ಮಾಡಿದರೆ ನಷ್ಟ ನಮ್ಮದೇ.

ಕಾವಲನ್ನು ನೇಮಿಸುವವರಿಗೂ ಇದರಲ್ಲಿ ಕರ್ತವ್ಯವುಂಟು. ಪ್ರತಿಯೊಂದು ಚಿಕ್ಕ ಕಮಿಟ್‌ಗೂ ಹುಕ್ ಹಲವು ನಿಮಿಷ ಕಾಯಿಸಿದರೆ, ಒಳ್ಳೆಯವರೂ ಸೊನ್ನೆಯ ಮೊರೆಹೋಗುತ್ತಾರೆ. ಆಗ ಅವರನ್ನು ದೂಷಿಸುವ ಮೊದಲು ಬಾಗಿಲನ್ನು ಪರಿಶೀಲಿಸಬೇಕು. ತಕ್ಕಡಿಯ ಶೂನ್ಯ ದೋಷವನ್ನು ಪ್ರತಿಸಲವೂ ನೋಡುವುದು ಸರಿ. ಒಂದೊಂದು ತೂಕಕ್ಕೂ ತಕ್ಕಡಿಯನ್ನು ಬಿಚ್ಚಿ ಜೋಡಿಸಿರೆಂದರೆ ಯಾರು ತೂಗುತ್ತಾರೆ? ಬೇಗ ಮುಗಿಯುವ ಪರೀಕ್ಷೆಗಳನ್ನು ಕಮಿಟ್‌ನ ಬಾಗಿಲಲ್ಲಿಯೂ, ದೀರ್ಘವಾದವುಗಳನ್ನು ಕಳುಹಿಸುವ ಬಾಗಿಲಲ್ಲಿಯೋ ಸರ್ವರಿನಲ್ಲಿಯೋ ಇಡುವುದು ಯುಕ್ತ. ಒಂದೇ ಪರೀಕ್ಷೆಯನ್ನು ಬಿಟ್ಟೆವೆಂಬ ಟಿಪ್ಪಣಿ ಭಂಡಾರದಲ್ಲಿ ಮತ್ತೆ ಮತ್ತೆ ಕಂಡುಬಂದರೆ, ಅದು ಬಿಟ್ಟವರ ಮೇಲಿನ ದೂರಲ್ಲ, ಆ ಪರೀಕ್ಷೆಯ ಮೇಲಿನ ದೂರು. ಟಿಪ್ಪಣಿ ಬರೆದವನನ್ನು ಶಿಕ್ಷಿಸುವ ಗುಂಪಿನಲ್ಲಿ ಮುಂದೆ ಯಾರೂ ಟಿಪ್ಪಣಿ ಬರೆಯುವುದಿಲ್ಲ. ಸ್ವಿಚ್ಚು ಮಾತ್ರ ಕತ್ತಲೆಯಲ್ಲಿ ಒತ್ತಲ್ಪಡುತ್ತಲೇ ಇರುತ್ತದೆ.

ಪದವಿಯ ಕೊನೆಯ ವರ್ಷದಲ್ಲಿ ಮೂರು ನಾಲ್ಕು ಮಂದಿ ಕೂಡಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಇದನ್ನು ಮೊದಲ ದಿನವೇ ಮಾತನಾಡಿಕೊಳ್ಳುವುದು ಮೇಲು. ಬಿಡಲೇಬಾರದ ಪರೀಕ್ಷೆಗಳಾವುವು, ಅಗತ್ಯ ಬಿದ್ದಾಗ ಬಿಡಬಹುದಾದವಾವುವು, ಬಿಟ್ಟರೆ ಏನು ಬರೆಯಬೇಕು ಎಂಬ ಮೂರು ಮಾತುಗಳನ್ನು ಭಂಡಾರದ ಮೊದಲ ಪುಟದಲ್ಲಿಯೇ ಬರೆದಿಡಲಿ. ಹಾಗೆಯೇ ಇಂದೇ ತಮ್ಮ ತಮ್ಮ ಟರ್ಮಿನಲ್‌ನಲ್ಲಿ 'ಎನ್ವ್' ಎಂಬ ಆಜ್ಞೆಯನ್ನು ಕೊಟ್ಟು, ತಮ್ಮ ಪರಿಸರದ ಪಟ್ಟಿಯನ್ನು ಒಮ್ಮೆ ಓದಲಿ. ಪ್ರಯೋಗಕ್ಕೆ ಮುನ್ನ ಕೋಣೆಯ ಉಷ್ಣಮಾಪಕವನ್ನು ನೋಡುವಂತೆ ಇದು. ತಾವಿಟ್ಟು ಮರೆತ ಸೊನ್ನೆಯೊಂದು ಆ ಪಟ್ಟಿಯಲ್ಲಿ ಕಂಡರೆ, ಅದನ್ನು ಇಟ್ಟ ಕಡತವನ್ನು ಹುಡುಕಿ ಆ ಸಾಲನ್ನು ಅಳಿಸಿಬಿಡಲಿ.